ಕೊನೆಯಿಂದ ನೋಡಿದ ಸಿನಿಮಾ

ವಿಡಿಯೋ ಪ್ಲೇಯರನ್ನು ದಿನದ ಬಾಡಿಗೆಗೆ ತಂದು, ಬೀದಿಯವರೆಲ್ಲ ಒಂದೇ ಮನೆಯಲ್ಲಿ ಒತ್ತಿಕೊಂಡು ಕೂತು ಸಿನಿಮಾ ನೋಡುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕ್ಯಾಸೆಟ್ಟು ಒಳಗಿಳಿಯುವಾಗಿನ ಗಡಕ್ ಎಂಬ ಸದ್ದು, ಬಿಸಿಯಾದ ಪ್ಲೇಯರಿನ ಪ್ಲಾಸ್ಟಿಕ್ ವಾಸನೆ, ಚಿತ್ರ ನಡುಗಿದರೆ ಯಾರಾದರೊಬ್ಬರು ಎದ್ದು ಟೀವಿಯ ತಲೆಗೆ ಕೊಡುತ್ತಿದ್ದ ಏಟು. ನಮ್ಮ ಜೋಗುಪಾಳ್ಯದ ವಠಾರಕ್ಕೂ ಹಬ್ಬಕ್ಕೊಮ್ಮೆ ಹಾಗೆ ಪ್ಲೇಯರು ಬರುತ್ತಿತ್ತು. ಆದರೆ ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಅದು ನಮ್ಮೊಂದು ಮನೆಗೇ ಬಂತು. ಅದರ ಮುಂದೆ ಕೂತವರು ಅಮ್ಮ ಮತ್ತು ನಾನು, ಇಬ್ಬರೇ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅಪ್ಪ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಬಿಚ್ಚಿ ಗಿರಾಕಿಗಳಿಗೆ ತೋರಿಸಿ ಮತ್ತೆ ಸುತ್ತಿಡುವ ಕೆಲಸ ಮಾಡುತ್ತಿದ್ದರು. ಅಮ್ಮ ಮನೆಯಲ್ಲೇ ಹೊಲಿಯುತ್ತಿದ್ದಳು. ಅದೇ ಅಂಗಡಿಯ ರವಿಕೆಗಳು, ಕಂಟೋನ್‌ಮೆಂಟ್ ಕಡೆಯ ಹೆಂಗಸರ ಫ್ರಾಕು, ಗೌನು. ಮನೆಯೆಂದರೆ ನನಗೆ ಈಗಲೂ ಮೆಷಿನ್ ಎಣ್ಣೆ ಮತ್ತು ಹೊಸ ಬಟ್ಟೆಯ ಗಂಜಿಯ ವಾಸನೆ.

ಅಪ್ಪ ಹೋದ ದಿನ ನಾನು ಅವರನ್ನು ನೋಡಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಪಕ್ಕದ ಮನೆಯ ಮುನಿಯಮ್ಮಜ್ಜಿ ಗೇಟಿನಲ್ಲೇ ನನ್ನ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ ತಟ್ಟೆ ತುಂಬ ಇಡ್ಲಿ ಹಾಕಿಕೊಟ್ಟಳು. ಇಷ್ಟೊಂದು ಯಾಕಜ್ಜಿ ಎಂದರೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪನನ್ನು ಕೆ.ಆರ್. ಪುರದಾಚೆಗಿನ ಅವರ ಹಳ್ಳಿಗೆ ಕೊಂಡೊಯ್ದರು. ಮಕ್ಕಳು ಬರುವುದು ಬೇಡವೆಂದರು. ನಾನು ಮನೆಗೆ ಮರಳಿದಾಗ ನೆಲ ತೊಳೆದು ಒಣಗಿತ್ತು, ಅಪ್ಪ ಮಲಗುತ್ತಿದ್ದ ಮಂಚ ಇರಲಿಲ್ಲ. ಏನಾಯಿತು, ಹೇಗಾಯಿತು ಎಂದು ಯಾರೂ ಹೇಳಲಿಲ್ಲ. ಅಮ್ಮನನ್ನು ಕೇಳಿದರೆ ಮೆಷಿನ್ನಿನ ಸದ್ದು ಜೋರಾಗುತ್ತಿತ್ತು. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದುದು ಅದೊಂದೇ. ಅಮ್ಮ ಒಮ್ಮೆ ಬಾಯಿಬಿಟ್ಟು ಅಪ್ಪನ ವಿಷಯ ಹೇಳಬೇಕು.

ಆಟಕ್ಕೆ ಹೋಗುತ್ತಿದ್ದೆ. ವಠಾರದ ಅಂಗಳದಲ್ಲಿ ಇದ್ದಿಲಿನಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಒಂದು ದಿನ ನನ್ನ ಕಾಲು ಗೆರೆಯ ಮೇಲೆಯೇ ಬಿತ್ತು. ಎಲ್ಲರೂ ನೋಡಿದರು, ಯಾರೂ ಔಟ್ ಎನ್ನಲಿಲ್ಲ. ಮರುದಿನ ಬೇಕೆಂದೇ ತುಳಿದೆ. ಆಗಲೂ ಅನ್ನಲಿಲ್ಲ.

"ಔಟ್ ಆದೆ ಕಣೇ ನಾನು," ಎಂದೆ ಶಾಂತಿಗೆ.

"ಪರವಾಗಿಲ್ಲ ಬಿಡು, ನೀನ್ ಆಡು," ಎಂದಳು. "ನಿನ್ನ ಅಳಿಸ್ಬಾರ್ದು ಅಂತ ನಮ್ಮಮ್ಮ ಹೇಳಿದಾರೆ."

ಆಮೇಲೆ ನಾನು ಆಟಕ್ಕೆ ಹೋಗಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಿದ್ದೆ. ಅವರು ಔಟ್, ಔಟ್ ಎಂದು ಜಗಳವಾಡುವ ಸದ್ದು ಅಂಗಳದಿಂದ ಕೇಳಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ರಿಚರ್ಡ್ಸ್ ಟೌನಿನ ಐರಿಸ್ ಆಂಟಿ ಆಟೋದಲ್ಲಿ ಬಂದರು. ಅಮ್ಮನ ಹಳೆಯ ಗಿರಾಕಿ, ಮಾತಿನ ನಡುವೆ ತಮಿಳು ಬೆರೆಸುವವರು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ವಿಡಿಯೋ ಪ್ಲೇಯರು, ಕೈಯಲ್ಲಿ ಒಂದು ಕ್ಯಾಸೆಟ್ಟು, ನನಗೆಂದು ಡಬ್ಬಿಯಲ್ಲಿ ಗುಲಾಬಿ ಹೂವಿನ ಅಚ್ಚಿನ ಬಿಸ್ಕತ್ತು.

"ರತ್ನಾ, ನನ್ ಮಗಳಿಗೆ ಈ ಪಿಕ್ಚರ್‌ನಲ್ಲಿರೋ ಗೌನೇ ಬೇಕಂತೆ ಮದ್ವೆಗೆ. ಪಾರ್, ನಾಲ್ಕ್ ಅಂಗಡಿ ತೋರಿಸ್ದೆ, ಬೇಡ ಅಂತಾಳೆ."

"ಒಂದು ಫೋಟೋ ಇದ್ದಿದ್ರೆ ಸಾಕಿತ್ತು ಮೇಡಂ."

"ಫೋಟೋ ಎಲ್ಲಿಂದ ತರ್ಲಿ? ಆ ಹೀರೋಯಿನ್ನೇನು ನಮ್ ನೆಂಟಳಾ?" ಎಂದು ನಕ್ಕರು. "ಮದ್ವೆ ಸೀನು ಕೊನೇಲಿ ಬರುತ್ತೆ. ನಾನು ಪೂರ್ತಿ ನೋಡಿ ಹಂಗೇ ತಂದಿದೀನಿ. ಸ್ವಲ್ಪ ಹಿಂದಕ್ಕೆ ತಿರುಗ್ಸು, ಸಿಕ್ಕುತ್ತೆ. ನೋಡಿ ಹೊಲೀಬೇಕು ರತ್ನಾ, ಗೆಸ್ ಮಾಡ್ಬಾರ್ದು."

ಅದು ಹಳೆಯ ಕಾಲದ ಇಂಗ್ಲೆಂಡಿನ ಕಥೆ. ಕುದುರೆ ಗಾಡಿ, ಮೇಣದ ಬತ್ತಿ, ನೆಲ ಗುಡಿಸುವ ಗೌನು. ಅದರ ಮಾತು ನಮ್ಮಿಬ್ಬರಿಗೂ ತಿಳಿಯುವಂತಿರಲಿಲ್ಲ. ನಮ್ಮ ಟೀವಿ ಕಪ್ಪು ಬಿಳುಪಿನದು, ಹಾಗಾಗಿ ಅವರ ತೋಟ, ಆಕಾಶ, ರೇಷ್ಮೆ ಎಲ್ಲವೂ ಬೂದಿಯ ಬಣ್ಣ. ಊಟವಾದ ಮೇಲೆ, ಕರೆಂಟು ಇದ್ದರೆ, ಅಮ್ಮ ಕಂದು ಕಾಗದ ಹಾಸಿ ಸೀಮೆಸುಣ್ಣ ಹಿಡಿದು ಕೂರುತ್ತಿದ್ದಳು. ಪ್ಲೇಯರಿನ ಗುಂಡಿಗಳು ನನ್ನ ಪಾಲು. ಅಮ್ಮ "ನಿಲ್ಸು" ಎಂದಾಗ ನಿಲ್ಲಿಸಬೇಕು, "ಬಿಡು" ಎಂದಾಗ ಬಿಡಬೇಕು. ನಿಲ್ಲಿಸಿದ ಚಿತ್ರ ಗಾಳಿಗೆ ಸಿಕ್ಕ ಪರದೆಯ ಹಾಗೆ ನಡುಗುತ್ತಿತ್ತು. ಆ ನಡುಕದಲ್ಲೇ ಅಮ್ಮ ತೋಳಿನ ಉಬ್ಬು, ಕುತ್ತಿಗೆಯ ಅಗಲ, ನೆರಿಗೆ ಎಲ್ಲಿಂದ ಹೊರಟಿದೆ ಎಂಬುದನ್ನೆಲ್ಲ ಗೆರೆಗಿಳಿಸುತ್ತಿದ್ದಳು.

ಮದುವೆಯ ದೃಶ್ಯದಲ್ಲಿ ಒಂದು ತೊಂದರೆಯಿತ್ತು. ಮದುವೆ ಹೆಣ್ಣಿನ ತಲೆಯಿಂದ ಇಳಿದ ಜಾಲರಿ ಬೆನ್ನನ್ನು ಪೂರ್ತಿ ಮುಚ್ಚಿತ್ತು.

"ಬೆನ್ನೇ ಕಾಣ್ತಿಲ್ಲ ಕಣೇ. ಗುಂಡಿನೋ ಹುಕ್ಕೋ ಹೆಂಗೆ ಗೊತ್ತಾಗ್ಬೇಕು? ಇವಳ ಗೌನುಗಳೆಲ್ಲ ಒಂದೇ ಕಟ್ಟಿಂಗು. ಹಿಂದೆ ಎಲ್ಲಾದ್ರೂ ಬೆನ್ನು ತಿರುಗ್ಸಿರ್ತಾಳೆ, ನೋಡೋಣ."

ಹೀಗೆ ದಿನಕ್ಕಿಷ್ಟು ಹಿಂದೆ ಹೋದೆವು. ಹಿಂದಕ್ಕೆ ಓಡುವಾಗ ಸದ್ದಿರುತ್ತಿರಲಿಲ್ಲ. ಗಂಡಸರು ಹಿಮ್ಮುಖವಾಗಿ ಮೆಟ್ಟಿಲು ಹತ್ತುತ್ತಿದ್ದರು. ಬಟ್ಟಲಿನ ಟೀ ಎದ್ದು ಹೂಜಿಯೊಳಗೆ ಹೋಗುತ್ತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ, ಆದರೆ ಬೈಯಲೂ ಇಲ್ಲ.

"ಅಮ್ಮ, ಇವ್ರಿಗೆಲ್ಲ ಕೆಲ್ಸ ಇಲ್ವಾ? ಬರೀ ನಡೀತಾರೆ, ಕೂತ್ಕೋತಾರೆ."

"ಕೆಲ್ಸ ಮಾಡೋರು ಇದಾರೆ, ಹಿಂದ್ಗಡೆ. ಆ ತೋಳಿಗೆ ಇಸ್ತ್ರಿ ಯಾರ್ ಮಾಡಿದ್ರು ಅಂದ್ಕೊಂಡೆ?"

ಅಮ್ಮ ಅಷ್ಟುದ್ದ ಮಾತಾಡಿ ಬಹಳ ದಿನವಾಗಿತ್ತು. ಹಾಗಾಗಿ ನನಗೆ ಆ ಬೆನ್ನು ಬೇಗ ಸಿಗಬಾರದೆಂದೇ ಆಸೆ.

ಮದುವೆಗಿಂತ ಹಿಂದೆ ಆ ಹೆಂಗಸು ತೋಟದಲ್ಲಿ ಒಬ್ಬ ಗಂಡಸಿನ ಜೊತೆ ನಡೆದಳು. ಅದಕ್ಕೂ ಹಿಂದೆ ಒಬ್ಬಳೇ ನಡೆದಳು. ಗೌನಿನ ಕಸೂತಿ ಹೋಯಿತು, ಹೊಳಪು ಹೋಯಿತು, ಪೂರ್ತಿ ಕಪ್ಪಾಯಿತು. ಕಿಟಕಿಯ ಬಳಿ ಒಬ್ಬಳೇ ಕೂತಿರುವುದು ಬಂತು, ಬಹಳ ಹೊತ್ತು. ಆಮೇಲೆ ಕಪ್ಪು ಕುದುರೆಗಳು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದವು. ಕಪ್ಪು ಟೋಪಿಯವರು ಒಂದು ಉದ್ದನೆಯ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿಕೊಂಡು ಹಿಮ್ಮುಖವಾಗಿ ಮನೆಯೊಳಗೆ ಹೋದರು. ಆಗಲೂ ನನಗೆ ತಿಳಿಯಲಿಲ್ಲ. ಕೋಣೆಯೊಂದರಲ್ಲಿ ಮಂಚ ಕಾಣಿಸಿತು. ಮೇಲೆ ಬಿಳಿಯ ಹೊದಿಕೆ. ಯಾರದೋ ಕೈ ಆ ಹೊದಿಕೆಯನ್ನು ಮುಖದ ಮೇಲಿಂದ ತೆಗೆಯಿತು. ಕೆಳಗಿದ್ದ ಗಂಡಸು ಕಣ್ಣು ಬಿಟ್ಟ.

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತುವುದು ಮರೆತುಹೋಯಿತು.

"ನಿಲ್ಸು," ಎಂದಳು ಅಮ್ಮ.

ಅದೇ ಹೆಂಗಸು, ಅವನ ಹೆಂಡತಿ, ಮಂಚದ ಪಕ್ಕ ಮಂಡಿಯೂರಿದ್ದಳು. ಬೆನ್ನು ಪೂರ್ತಿ ನಮ್ಮ ಕಡೆಗಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಬಟ್ಟೆ ಹೊದಿಸಿದ ಚಿಕ್ಕ ಚಿಕ್ಕ ಗುಂಡಿ, ಎರಡೂ ಕಡೆ ಬಿಲ್ಲಿನಂತೆ ಬಾಗಿ ಇಳಿದ ಹೊಲಿಗೆ. ಅಷ್ಟು ದಿನ ಹುಡುಕಿದ್ದು ಅಲ್ಲಿತ್ತು.

"ಸಿಕ್ತು," ಎಂದು ಅಮ್ಮ ಬರೆಯತೊಡಗಿದಳು.

ಆ ಪ್ಲೇಯರು ಚಿತ್ರವನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಬಿಡುತ್ತಿತ್ತು. ಬಿಟ್ಟಾಗ ಸಿನಿಮಾ ಮುಂದಕ್ಕೆ ನಡೆಯುತ್ತಿತ್ತು. ಗಂಡನ ತುಟಿ ಅಲುಗುತ್ತಿತ್ತು, ಹೆಂಡತಿ ಕಿವಿ ಹತ್ತಿರ ತರುತ್ತಿದ್ದಳು, ಅವನ ಕೈ ಹಾಸಿಗೆಯ ಮೇಲೆ ಬೀಳುತ್ತಿತ್ತು. ನಾನು ಬೇಗ ಹಿಂದಕ್ಕೆ ಎಳೆಯುತ್ತಿದ್ದೆ. ಕೈ ಮೇಲೇಳುತ್ತಿತ್ತು. ನಿಲ್ಲಿಸುತ್ತಿದ್ದೆ. ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಮತ್ತೆ ಎಳೆಯುತ್ತಿದ್ದೆ. ನನ್ನ ಹೆಬ್ಬೆರಳು ಬೆವೆತಿತ್ತು. ತಿರುಗಿ ನೋಡಿದರೆ ಅಮ್ಮನ ಸೀಮೆಸುಣ್ಣ ಕಾಗದದ ಮೇಲೆ ಹಾಗೇ ನಿಂತಿತ್ತು.

"ಅವಳು ಪಕ್ಕದಲ್ಲೇ ಇದಾಳೆ," ಎಂದಳು.

"ಯಾರಮ್ಮ?"

"ಹೆಂಡ್ತಿ. ಅವ್ನು ಹೇಳೋದನ್ನ ಕೇಳಿಸ್ಕೋತಿದಾಳೆ."

"ಏನ್ ಹೇಳ್ತಿದಾನೆ?"

"ಯಾರಿಗ್ ಗೊತ್ತು. ಅವ್ರ ಭಾಷೇಲಿ ಏನೋ." ಕಾಗದದ ಅಂಚನ್ನು ನೇರ ಮಾಡುತ್ತ ಹೇಳಿದಳು, "ನಾನ್ ಇರ್ಲಿಲ್ಲ."

ನಾನು ಏನಾದರೂ ಅಂದರೆ ನಿಲ್ಲಿಸಿಬಿಡುತ್ತಾಳೆಂದು ಹೆದರಿಕೆ.

"ಅವತ್ತು ಬೆಳಗ್ಗೆ ಸುಸ್ತು ಅಂದ್ರು. ರವಿಕೆ ಗಂಟು ಅಂಗಡಿಗೆ ಮುಟ್ಟಿಸ್ಬೇಕಿತ್ತು, ನೀನೇ ಕೊಟ್ಟು ಬಾ ಅಂದ್ರು. ಹೊರಟೆ. 'ಕೊಡೆ ತಗೊಂಡೋಗು, ಬಿಸ್ಲು' ಅಂದ್ರು. 'ಕೈ ತುಂಬ ಗಂಟಿದೆ, ಕೊಡೆ ಎಲ್ಲಿ ಹಿಡಿಲಿ' ಅಂದೆ. ಸ್ವಲ್ಪ ರೇಗ್ಕೊಂಡೇ ಅಂದೆ. ಅಷ್ಟೇ. ಅಂಗಡೀಲಿ ಕಾಯಿಸಿದ್ರು. ಬರ್ತಾ ಮೂಸಂಬಿ ತಗೊಂಡೆ. ಬಸ್ಸಿಳಿದು ನೋಡ್ತೀನಿ, ಗೇಟಲ್ಲಿ ಜನ."

"ಅವ್ರಿಗೆ ನೋವಾಯ್ತಾ?"

"ಗೋಡೆ ಕಡೆ ತಿರುಗಿ ಮಲ್ಗಿದ್ರಂತೆ. ಮುನಿಯಮ್ಮಜ್ಜಿ ಕಾಫಿ ಕೊಡೋಕೆ ಹೋದೋಳು, ನಿದ್ದೆ ಅಂದ್ಕೊಂಡು ಲೋಟ ಇಟ್ಟು ಬಂದ್ಲಂತೆ. ನೋವಾಗಿರ್ಲಾರ್ದು." ಆಮೇಲೆ, "ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

"ನಾನೂ ಇರ್ಲಿಲ್ಲಮ್ಮ," ಎಂದೆ.

ಅಮ್ಮ ಆಗ ನನ್ನ ಕಡೆ ತಿರುಗಿದಳು. ಆ ಮಾತು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲವೇನೋ ಎನ್ನುವಂತೆ ನೋಡಿದಳು. "ಹೌದಲ್ವಾ," ಎಂದಳು. "ನಿನ್ನನ್ನ ಆ ಅಜ್ಜಿ ಮನೇಲಿ ಕೂರಿಸ್ಬಿಟ್ವಿ." ಸುಣ್ಣದ ಕೈಯಲ್ಲೇ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಪ್ಲೇಯರು ತಾನಾಗಿಯೇ ಪೂರ್ತಿ ನಿಂತುಹೋಗಿ, ಟೀವಿಯ ತುಂಬ ಚುಕ್ಕಿ ಸುರಿಯುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದೆ ನಾವು ಆ ಚುಕ್ಕಿಗಳನ್ನೇ ನೋಡುತ್ತ ಕೂತೆವು. ನಾನು ಕೇಳಿದ್ದಕ್ಕೆಲ್ಲ ಅಮ್ಮ ಅವತ್ತು ಉತ್ತರ ಕೊಟ್ಟಳು. ಅಪ್ಪನಿಗೆ ಯಾವ ಅಂಗಿ ಹಾಕಿದರು, ಹಳ್ಳಿಯಲ್ಲಿ ಯಾವ ಮರದ ಹತ್ತಿರ ಮಣ್ಣು ಮಾಡಿದರು, ಮಂಚ ಯಾರು ತೆಗೆದುಕೊಂಡು ಹೋದರು. ಮೂಸಂಬಿ ಏನಾಯಿತು ಎಂದೂ ಕೇಳಿದೆ. ಅದು ಮಾತ್ರ ಅವಳಿಗೆ ನೆನಪಿರಲಿಲ್ಲ.

ಬೆನ್ನು ಸಿಕ್ಕಿದ್ದರಿಂದ ಇನ್ನು ಹಿಂದೆ ಹೋಗುವ ಅಗತ್ಯವಿರಲಿಲ್ಲ. ಆದರೂ ಅಮ್ಮ ಗೌನು ಹೊಲಿಯುವಾಗ ನನ್ನಷ್ಟಕ್ಕೆ ನೋಡಲು ಬಿಟ್ಟಳು. ಆ ಗಂಡ ಮಂಚದಿಂದ ಎದ್ದ, ಕೆಮ್ಮು ನಿಂತಿತು, ಕುದುರೆ ಹತ್ತಿದ. ಟೇಪಿನ ಆರಂಭದಲ್ಲಿ ಇಬ್ಬರೂ ಗಾಡಿಯಲ್ಲಿ ಕೂತು ನಗುತ್ತಿದ್ದರು.

ಗೌನು ಒಯ್ಯಲು ಬಂದ ಐರಿಸ್ ಆಂಟಿ ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಎನ್ನಮ್ಮಾ, ಪಿಕ್ಚರ್ ನೋಡ್ದ್ಯಾ? ಕಥೆ ಹೇಳು ನೋಡೋಣ."

ನಾನು ಹೇಳಿದೆ. ಒಬ್ಬಳಿಗೆ ಮದುವೆಯಾಗುತ್ತದೆ, ಆದರೆ ಅವಳಿಗೆ ಸುಖವಿಲ್ಲ, ಒಬ್ಬಳೇ ಕಪ್ಪು ಬಟ್ಟೆ ಹಾಕಿಕೊಂಡು ಕೂರುತ್ತಾಳೆ. ಆಮೇಲೆ ಪೆಟ್ಟಿಗೆಯಲ್ಲಿ ಒಬ್ಬ ಬರುತ್ತಾನೆ, ಅವನಿಗೆ ಕಾಯಿಲೆ, ಅವಳು ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಾಳೆ. ಅವನಿಗೆ ವಾಸಿಯಾಗುತ್ತದೆ, ಇಬ್ಬರೂ ಗಾಡಿಯಲ್ಲಿ ಹೋಗುತ್ತಾರೆ.

"ಅಯ್ಯೋ, ಉಲ್ಟಾ," ಎಂದು ಶುರುಮಾಡಿದವರು ಅಮ್ಮನ ಮುಖ ನೋಡಿ ನಿಲ್ಲಿಸಿದರು. "ಹಂಗೂ ಇರ್ಬೋದು ಮಗಾ. ಅದೂ ಒಳ್ಳೇ ಕಥೇನೇ."

ಪ್ಲೇಯರನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಅಪ್ಪ ಹೋದ ದಿನದ ವಿಷಯ ಅಮ್ಮ ಮತ್ತೆಂದೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಶಾಲೆ ಶುರುವಾದ ಮೇಲೆ ನಾನು ಮತ್ತೆ ಅಂಗಳಕ್ಕಿಳಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನೂ ಔಟ್ ಮಾಡತೊಡಗಿದ್ದರು.

ಈಗ ಜೋಗುಪಾಳ್ಯದಲ್ಲಿ ಆ ವಠಾರವಿಲ್ಲ. ಅಂಗಳವಿದ್ದ ಜಾಗದಲ್ಲಿ ಬಾಡಿಗೆ ಕೋಣೆಗಳ ಕಟ್ಟಡ ಎದ್ದಿದೆ, ಕೆಳಗೆ ಬೈಕುಗಳು ನಿಲ್ಲುತ್ತವೆ. ಮದುವೆಯ ಗೌನು ಒಂದು ದಿನದ ಬಾಡಿಗೆಗೆ ಸಿಗುತ್ತದೆ. ಅಂಥ ಸಿನಿಮಾಗಳು ನನ್ನ ಮಗಳ ಫೋನಿನಲ್ಲಿ ಸಾಲುಸಾಲಾಗಿವೆ, ಬಣ್ಣದಲ್ಲಿ, ಕೆಳಗೆ ಮಾತಿನ ಸಾಲುಗಳೊಂದಿಗೆ. ಒಂದನ್ನು ಅವಳ ಜೊತೆ ಕೂತು ನೋಡಿದೆ. ಎಲ್ಲ ಅರ್ಥವಾಯಿತು.

ಹೋದ ವರ್ಷ ಅಮ್ಮ ತೀರಿಕೊಂಡಳು. ಹಲಸೂರಿನ ಒಂದು ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು. ನಾನು ಪಕ್ಕದಲ್ಲೇ ಇದ್ದೆ, ಅವಳ ಕೈ ನನ್ನ ಕೈಯಲ್ಲಿತ್ತು. ಕಿಟಕಿಯ ಪರದೆಯನ್ನೇ ನೋಡುತ್ತಿದ್ದವಳು, "ಅಂಚು ಬಿಚ್ಚೋಗಿದೆ ನೋಡು, ಯಾರಾದ್ರೂ ಒಂದ್ ಹೊಲ್ಗೆ ಹಾಕ್ಬಾರ್ದಾ," ಎಂದಳು. ನಾನು ನಕ್ಕೆ. ಆಮೇಲೆ ನಿದ್ದೆ ಹೋದಳು. ಅಷ್ಟೇ.

ಇದನ್ನು ನನ್ನ ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ. "ಕೊನೇವರೆಗೂ ಅಜ್ಜಿ ಅಜ್ಜೀನೇ," ಎಂದು ಮಗಳು ಕಣ್ಣು ಒರೆಸಿಕೊಂಡಳು. ಇಬ್ಬರೂ ಪ್ರೀತಿಯಿಂದಲೇ ಕೇಳಿದರು, ಒಂದು ಸಲ ಕೇಳಿದರು, ಅವರಿಗೆ ಅದು ಸಾಕಾಯಿತು. ತಪ್ಪೇನಿಲ್ಲ. ಆದರೆ ಪರದೆ ಯಾವ ಬಣ್ಣದ್ದು, ಅವಳ ಕೈ ಬೆಚ್ಚಗಿತ್ತೇ, ನಾನು ನಕ್ಕಾಗ ಅವಳೂ ನಕ್ಕಳೇ ಎಂದು ಬಿಡದೆ ಕೇಳುವವರು ಬೇಕು. ಅದು ತಿಳಿಯದೆ ಊಟ ಇಳಿಯದವರು, ನಿದ್ದೆ ಬಾರದವರು ಬೇಕು. ಅಮ್ಮನಿಗೆ ಅಂಥವಳೊಬ್ಬಳು ಮನೆಯಲ್ಲೇ ಇದ್ದಳು, ನಾನು. ನಾನು ಒಬ್ಬಳೇ ಮಗಳು, ನನ್ನ ಹಾಗೆ ಅಮ್ಮನನ್ನು ಕಳೆದುಕೊಂಡವರು ಇನ್ನೊಬ್ಬರಿಲ್ಲ. ಎಲ್ಲವನ್ನೂ ನೋಡಿ ನೆನಪಿಟ್ಟುಕೊಂಡಿದ್ದೇನೆ, ಕೇಳಿದರೆ ಹೇಳಬಲ್ಲೆ. ಪರದೆ ತಿಳಿ ಹಸಿರು. ಅವಳೂ ನಕ್ಕಳು.