ಪಡುವಣ ಕಿಟಕಿಯ ಕೆಳಗಿನ ಜಾಗ

ಮದುವೆಯಾಗಿ ಹಾಸನದ ಕಡೆಯಿಂದ ಮೂರ್ನಾಡಿಗೆ ಬಂದಾಗ ನನಗೆ ಹತ್ತೊಂಬತ್ತು. ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ನನ್ನ ಗಂಡ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು; ಪೇಟೆಯ ಹಿಂದಿನ ರಸ್ತೆಯಲ್ಲಿ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಹೊಸದಾಗಿ ಸುಣ್ಣ ಹೊಡೆಸಿದ ಬರಿಗೋಡೆ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಮೂರೇ ದಿನದಲ್ಲಿ ದೇವರ ಪಟಗಳು, ನಾನೇ ಹೆಣೆದ ಮಣಿ ತೋರಣ, ಕಟ್ಟು ಹಾಕಿಸಿದ ಕಸೂತಿಯ ಗಿಳಿಗಳು, ಅಪ್ಪ ಕೊಟ್ಟ ಕನ್ನಡಿ ಎಲ್ಲಕ್ಕೂ ಮೊಳೆ ಹೊಡೆದೆ. ನಡುಮನೆಯ ಪಡುವಣ ಕಿಟಕಿಯ ಕೆಳಗೆ ನನ್ನ ಟ್ರಂಕು ಇಟ್ಟು ಅದಕ್ಕೊಂದು ಹಾಸು ಹೊದಿಸಿದೆ.

ಮನೆಯ ಒಡತಿ ಅಂಗಳದಾಚೆಗೇ ಇದ್ದ ಗೌಡರ ಹೆಂಗಸು. ಅವರ ಮನೆಯೊಳಗೆ ಅರೆಭಾಷೆ, ನನ್ನೊಡನೆ ಕನ್ನಡ. ಮೊಳೆಯ ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತರು.

"ಇಷ್ಟು ಅವಸರ ಎಂತಕ್ಕೆ ತಂಗಿ? ಬಿಸಿಲು ಎಲ್ಲಿ ಬೀಳ್ತದೆ, ಗಾಳಿ ಎಲ್ಲಿಂದ ಬರ್ತದೆ ಅಂತ ನಾಲ್ಕು ದಿನ ಕೂತು ನೋಡಿ. ಆಮೇಲೆ ಹೊಡೀರಿ."

ನಾನು ನಕ್ಕು ಇನ್ನೊಂದು ಮೊಳೆ ತೆಗೆದುಕೊಂಡೆ.

ನಾಲ್ಕನೆಯ ದಿನ ಒಂದು ಕಂದು ನಾಯಿ ಒಳಗೆ ಬಂತು. ಕುತ್ತಿಗೆಯಲ್ಲಿ ಕಡಿದ ಹಗ್ಗ ನೇತಾಡುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಟ್ರಂಕಿನ ಬಳಿ ಹೋಗಿ ಪರಪರ ಕೆರೆಯತೊಡಗಿತು. ಕಸಪೊರಕೆಯಲ್ಲಿ ಎರಡೇಟು ಹಾಕಿ ಓಡಿಸಿದೆ. ಅರ್ಧ ಗಂಟೆಯಲ್ಲಿ ಮತ್ತೆ ಬಂತು. ಕೊನೆಗೆ ಒಡತಿಯನ್ನು ಕರೆದೆ.

"ಅದು ರೈಟ್ರ ನಾಯಿ" ಎಂದರು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ಮುದುಕರೊಬ್ಬರು ನಮಗಿಂತ ಮೊದಲು ಆ ಮನೆಯಲ್ಲಿ ಒಂಟಿಯಾಗಿದ್ದರಂತೆ. ತೀರಿಕೊಂಡು ಎರಡು ತಿಂಗಳಾಗಿತ್ತು. "ನಾನೇ ಕಟ್ಟಿ ಹಾಕಿದ್ದೆ. ಹಗ್ಗ ಕಡ್ಕೊಂಡು ಬಂದದೆ. ಅಲ್ಲಿ ಅವರ ಕುರ್ಚಿ ಇತ್ತು ನೋಡಿ."

ಹೊಡೆದದ್ದಕ್ಕೆ ನಾಚಿಕೆಯಾಯಿತು. ಟ್ರಂಕನ್ನು ಬೇರೆ ಗೋಡೆಗೆ ಎಳೆದೆ. ನಾಯಿ ಬರಿನೆಲವನ್ನು ಮೂಸಿ, ಕುರ್ಚಿಯ ಕಾಲಿಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಬಿಟ್ಟು ಪಕ್ಕದಲ್ಲಿ ಮಲಗಿತು.

ಅಂದಿನಿಂದ ಅದನ್ನು ನೋಡುವುದೇ ನನ್ನ ಕೆಲಸವಾಯಿತು. ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲಲ್ಲಿ, ಬಿಸಿಲೇರಿದ ಮೇಲೆ ಹಿತ್ತಿಲ ಬಾಗಿಲಲ್ಲಿ, ಮಧ್ಯಾಹ್ನ ಆ ಕಿಟಕಿಯ ಕೆಳಗೆ. ಸಂಜೆ ನಾಲ್ಕರ ಹೊತ್ತಿಗೆ ಮಾತ್ರ ಎದ್ದು ನಿಲ್ಲುತ್ತಿತ್ತು. ಕತ್ತೆತ್ತಿ, ಒಬ್ಬ ಮನುಷ್ಯನ ಮುಖವಿರುವಷ್ಟು ಎತ್ತರಕ್ಕೆ ನೋಡಿ ಬಾಲ ಆಡಿಸುತ್ತಿತ್ತು. ಆಮೇಲೆ ಯಾರದೋ ನಡಿಗೆಗೆ ಹೊಂದಿಸಿಕೊಂಡಂತೆ ಮೆಲ್ಲಗೆ ಜಗಲಿಯ ಕಡೆ ಹೆಜ್ಜೆ ಹಾಕುತ್ತಿತ್ತು. ನಡುಮನೆಯ ಮಧ್ಯಕ್ಕೆ ಬಂದಾಗ ದಿನವೂ ನಿಲ್ಲುತ್ತಿತ್ತು. ಹಿಂದಿರುಗಿ ನೋಡಿ, ಕಾದು, ಮತ್ತೆ ಮುಂದಕ್ಕೆ. ಅಲ್ಲೇಕೆ ನಿಲ್ಲುತ್ತದೆಂದು ನನಗೆ ತಿಳಿಯುತ್ತಿರಲಿಲ್ಲ.

ಗೋಡೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಇಳಿಸಿದೆ. ಯಾರೋ ಇನ್ನೂ ಖಾಲಿ ಮಾಡದ ಮನೆಯಲ್ಲಿ ನನ್ನ ಗಿಳಿಗಳನ್ನು ತೂಗುಹಾಕಿದ್ದೇನೆ ಅನ್ನಿಸುತ್ತಿತ್ತು.

"ನಾಯಿ ಹೇಳಿದ ಹಾಗೆ ಮನೆ ಜೋಡಿಸ್ತೀಯೇನೇ?" ಎಂದು ಗಂಡ ರೇಗಿದರು.

"ಇವತ್ತು ಭಾನುವಾರ ಅಲ್ವಾ? ನಾಲ್ಕು ಗಂಟೆವರೆಗೂ ಇಲ್ಲೇ ಕೂತಿರಿ."

ಅವರು ಚಾಪೆಯ ಮೇಲೆ ಕಾಲು ಚಾಚಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತರು. ನಾಯಿ ಎದ್ದಿತು, ಬಾಲ ಆಡಿಸಿತು, ಹೊರಟಿತು. ಅದು ದಾಟಿಹೋದ ಮೇಲೆಯೇ ನನ್ನ ಗಂಡ, ಕೈಯಲ್ಲಿ ಪೆನ್ನು ಹಿಡಿದೇ, ಹಿಂದೆ ಬರುವವರಿಗೆ ದಾರಿ ಬಿಡುವಂತೆ ಚಾಚಿದ್ದ ಕಾಲನ್ನು ಮಡಚಿಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ.

ಮರುವಾರ ತಾವೇ ಒಂದು ಬೆತ್ತದ ಕುರ್ಚಿ ತಂದು ಆ ಜಾಗದಲ್ಲಿಟ್ಟರು. ಅದರಲ್ಲಿ ನಾವಿಬ್ಬರೂ ಕೂರುತ್ತಿರಲಿಲ್ಲ.

ಕಾಫಿ ಹೂ ಬಿಟ್ಟ ಕಾಲಕ್ಕೆ ರೈಟರ ಮಗಳು ಬಂದಳು. ಆಕೆಯನ್ನು ದೂರದ ಕರಿಕೆ ಎಂಬ ಊರಿಗೆ ಕೊಟ್ಟಿದ್ದರು; ಅಪ್ಪ ಸತ್ತಾಗ ಹಸಿ ಬಾಣಂತಿಯಾಗಿದ್ದರಿಂದ ಬರಲಾಗಿರಲಿಲ್ಲ. ಕಂಕುಳಲ್ಲಿ ಕೂಸು. ಹೊಸ್ತಿಲು ದಾಟಿದವಳು ಕುರ್ಚಿ ನೋಡಿ ಅಲ್ಲೇ ಗೋಡೆ ಹಿಡಿದುಕೊಂಡಳು.

"ಕುರ್ಚಿ ಅಲ್ಲಿಡಿ ಅಂತ ನಿಮಗೆ ಯಾರು ಹೇಳಿದ್ದು?"

ನಾಯಿಯ ವಿಷಯ ಹೇಳಿದೆ. ಅದು ನಡುಮನೆಯ ಮಧ್ಯೆ ನಿಲ್ಲುವುದನ್ನು ಹೇಳುವಾಗ ಆಕೆ ಸೆರಗು ಬಾಯಿಗೊತ್ತಿಕೊಂಡಳು.

"ಅಪ್ಪನಿಗೆ ದಮ್ಮು. ಕುರ್ಚಿಯಿಂದ ಜಗಲಿವರೆಗೂ ಒಂದೇ ಸಲ ಹೋಗೋಕಾಗ್ತಿರಲಿಲ್ಲ. ಅಲ್ಲಿ ನಿಂತು ಉಸಿರು ತಕ್ಕೊಳ್ತಿದ್ರು."

ನಾನು ಕೊಟ್ಟ ಕಾಫಿ ಆರಿಹೋಯಿತು. ಹೊರಡುವಾಗ ಆಕೆ ನಾಯಿಯ ಹೆಸರು ಹಿಡಿದು ಕರೆದಳು. ಅಷ್ಟು ದಿನ ನಾವು ಅದರ ಹೆಸರನ್ನು ವಿಚಾರಿಸಿಯೇ ಇರಲಿಲ್ಲ. ಅದು ಎದ್ದು ಕೂಸಿನ ಪಾದ ಮೂಸಿ, ಅವಳ ಹಿಂದೆ ಬಸ್ಸಿನ ಕಡೆ ಹೊರಟೇಹೋಯಿತು. ಒಮ್ಮೆಯೂ ತಿರುಗಲಿಲ್ಲ.

ನಾಯಿ ಇರುವಷ್ಟು ದಿನ ನನಗೆ ಭಯವಾಗಿರಲಿಲ್ಲ. ಅದು ಹೋದ ಮರುದಿನ ನಾಲ್ಕು ಗಂಟೆಗೆ ಆ ನಡುಮನೆಯಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ಇಷ್ಟು ದಿನ ರೈಟರಿಗೆ ಜಗಲಿಯವರೆಗೆ ನಾಯಿಯ ಜೊತೆಯಿತ್ತು. ಇನ್ನು ಅವರನ್ನು ಕರೆದುಕೊಂಡು ಹೋಗುವವರು ಯಾರು ಎಂಬ ಯೋಚನೆ ಬಂತು. ಅಕ್ಕಿಯ ಮೊರ ಎತ್ತಿಕೊಂಡು ಒಡತಿಯ ಜಗಲಿಗೆ ಹೋಗಿ ಕೂತೆ. ಅವರೂ ಪಕ್ಕದಲ್ಲಿ ಕೂತು ಅಕ್ಕಿ ಆರಿಸಿದರು. ಹಾಗೆಯೇ ಒಂದು ತಿಂಗಳು ಕಳೆಯಿತು.

ಒಂದು ದಿನ ಒಡತಿ ನೆಂಟರ ಮನೆಗೆ ಹೋಗಿದ್ದರು. ನನಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೊಲಿಗೆ ಹಿಡಿದು, ಎದೆ ಗಟ್ಟಿ ಮಾಡಿಕೊಂಡು ಬೆತ್ತದ ಕುರ್ಚಿಯಲ್ಲೇ ಕೂತೆ. ಬಿಸಿಲು ಮಡಿಲಿಗೆ ಬಂತು. ಸೂಜಿಗೆ ದಾರ ಪೋಣಿಸಲು ಅಷ್ಟು ಒಳ್ಳೆಯ ಬೆಳಕು ಆ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ಏನಾದರೂ ಕೇಳಿಸಿತೇ ಎಂದರೆ, ಇಲ್ಲವೆಂದು ಆಣೆಯಿಟ್ಟು ಹೇಳಲಾರೆ.

ಶಾಲೆಯಿಂದ ಬಂದ ಗಂಡ ನಾನು ಕೂತಿರುವ ಜಾಗ ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಇವತ್ತು ಅವರ ಮನೆಗೆ ಹೋಗ್ಲಿಲ್ವಾ?"

"ಇಲ್ಲ. ಆ ಕನ್ನಡಿ ಈ ಕಡೆ ಗೋಡೆಗೆ ಹಾಕೋಣ ಕಣ್ರೀ. ಬೆಳಕು ಚೆನ್ನಾಗಿ ಬೀಳುತ್ತೆ."

ಅವರು ಸುತ್ತಿಗೆ ಹುಡುಕಲು ಒಳಗೆ ಹೋದರು.