ಗೋರೆಗಾಂವ್ ಗುಡ್ಡದ ಕೊನೆಯ ಸುತ್ತು

ಎಂಬತ್ತರ ದಶಕದಲ್ಲಿ ಗೋರೆಗಾಂವಿನ ಗುಡ್ಡದ ಹಿಂದೆ ನಡೆಯುತ್ತಿದ್ದ ಬೈಕ್ ರೇಸನ್ನು ಯಾರಾದರೂ ಆಟ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದು ಶುದ್ಧ ಹೊಡೆದಾಟ. ಕಲ್ಲು, ಕೆಸರು, ದಿಬ್ಬಗಳ ಮೇಲೆ ಅಷ್ಟೂ ಬೈಕುಗಳನ್ನು ಒಟ್ಟಿಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಮೊಣಕೈಗೆ ಮೊಣಕೈ ಬಡಿಯುತ್ತಿತ್ತು. ಪಕ್ಕದವನ ಮೊಣಕಾಲಿಗೆ ಬೂಟಿನಿಂದ ಒದೆಯುವುದು ತಪ್ಪೆಂದು ಯಾರೂ ಅಂದುಕೊಂಡಿರಲಿಲ್ಲ. ಬಿದ್ದವನೊಬ್ಬನ ಬೆರಳುಗಳ ಮೇಲೆ ಚಕ್ರ ಹರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನು ಕಿರುಚುತ್ತಿದ್ದರೆ ಜನ ಸೀಟಿ ಹೊಡೆದರು. ನಾನೂ ಹೊಡೆದೆ. ಬಿದ್ದವನು ನನ್ನ ಅಣ್ಣ ಅಲ್ಲವಲ್ಲ!

ಅಣ್ಣ ಬಿದ್ದದ್ದು ಅದರ ಹಿಂದಿನ ವರ್ಷ. ಕೆಂಪು ಜೆರ್ಸಿಯವನೊಬ್ಬ ಒದ್ದು ಉರುಳಿಸಿದ್ದರಿಂದ ಅಣ್ಣನ ಹೆಗಲ ಎಲುಬು ಮುರಿದಿತ್ತು. ಮಾಟುಂಗದಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಅಪ್ಪ ಆಗಿನಿಂದ ಒಂದೇ ಹಟ ಹಿಡಿದಿದ್ದರು: ಬೈಕು ಬಿಡು, ಗಲ್ಲಾದಲ್ಲಿ ಕೂರು. ಅಷ್ಟರಲ್ಲಿ ಟೈರ್ ಕಂಪನಿಯೊಂದು ಈ ಸಲ ಗೆದ್ದವನನ್ನು ತನ್ನ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿತು. ಅಪ್ಪನೂ ಅಣ್ಣನೂ ಊಟಕ್ಕೆ ಕುಳಿತಲ್ಲೇ ಮಾತಾಡಿಕೊಂಡರು. ಗೆದ್ದರೆ ಅಣ್ಣ ತಂಡಕ್ಕೆ, ಸೋತರೆ ಸೋಮವಾರದಿಂದಲೇ ಗಲ್ಲಾಕ್ಕೆ.

ಆ ಭಾನುವಾರ ಅಪ್ಪ ಶಟರ್ ಎಳೆದು, ಅಡುಗೆಯವರನ್ನೂ ಕಟ್ಟಿಕೊಂಡು ನಮ್ಮ ಜೊತೆ ಲೋಕಲ್ ರೈಲು ಹತ್ತಿದರು. ಭಾನುವಾರ ಹೋಟೆಲ್ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಟ್ಯಾಂಕರ್ ತಂದು ನೀರು ಬಿಟ್ಟು ಮಾಡಿದ್ದ ಕೆಸರು ಕಂಡದ್ದೇ ಅವರ ಮುಖ ಅರಳಿತು.

"ಇದು ಕಂಬಳದ ಗದ್ದೆಯೇ ಅಲ್ವಾ ಮಾರಾಯ್ರೆ!" ಎಂದರು ಅಡುಗೆಯವರಿಗೆ.

ಊರಿನಲ್ಲಿ ಪ್ರಾಯದಲ್ಲಿದ್ದಾಗ ಅಪ್ಪ ಕಂಬಳದ ಕೋಣ ಹಿಡಿಯುತ್ತಿದ್ದವರು. ಓಡಿ ಬಂದ ಕೋಣಗಳು ತಾವಾಗಿ ನಿಲ್ಲುವುದಿಲ್ಲ. ಗುರಿ ಮುಟ್ಟಿದ ಕೂಡಲೇ ನಾಲ್ಕಾರು ಜನ ಮೇಲೆ ಬಿದ್ದು ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಜನರ ಮೇಲೆ ನುಗ್ಗುತ್ತವೆ. ಎಷ್ಟೇ ಕೊಡವಿದರೂ ಹಿಡಿತ ಸಡಿಲಿಸಬಾರದು.

ರೇಸ್ ಶುರುವಾಯಿತು. ಎರಡನೇ ಸುತ್ತಿನಲ್ಲಿ ಅದೇ ಕೆಂಪು ಜೆರ್ಸಿಯವನು ಅಣ್ಣನ ಮೊಣಕಾಲಿಗೆ ಒದ್ದ. ಪ್ಯಾಂಟು ಹರಿದು ರಕ್ತ ಬೂಟಿನೊಳಗೆ ಇಳಿಯಿತು. ಮರುಸುತ್ತಿನಲ್ಲಿ ಅಣ್ಣ ಅವನ ಎದೆಗೆ ಮೊಣಕೈ ಹಾಕಿ ದಾರಿಯಂಚಿಗೆ ಇಟ್ಟಿದ್ದ ಡ್ರಮ್ಮುಗಳ ಮೇಲೆ ಕೆಡವಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಗಂಟಲು ಹರಿಯುವಂತೆ ಕೂಗಿದೆ. ಅಣ್ಣ ಎಲ್ಲರಿಗಿಂತ ಮುಂದೆ ಗೆರೆ ದಾಟಿದ. ನಾನು ಬಾವುಟದವನ ಪಕ್ಕದಲ್ಲೇ ನಿಂತಿದ್ದೆ. ಅವನು ಎತ್ತಿದ್ದು ಇನ್ನೊಂದು ಸುತ್ತು ಬಾಕಿ ಇದೆ ಎನ್ನುವ ಬಾವುಟ.

ಗೆರೆಯ ಆಚೆ ಬೈಕುಗಳು ನಡೆಯುವ ವೇಗಕ್ಕೆ ಇಳಿಯುವಂಥ ಕೆಸರಿನ ತಿರುವಿತ್ತು. ಅಪ್ಪ ನಿಂತದ್ದು ಅಲ್ಲಿ. ಬಾವುಟ ಎದ್ದದ್ದನ್ನು ಕಂಡು ಅವರು ರೇಸ್ ಮುಗಿಯಿತೆಂದೇ ತಿಳಿದರು.

"ಹಿಡೀರಿ! ಬಿಡ್ಬೇಡಿ!" ಎಂದು ಅಪ್ಪ ಹಾರಿ ಹ್ಯಾಂಡಲ್ ಹಿಡಿದರು. ಅಡುಗೆಯವರು ಹಿಂದಿನ ಸೀಟಿಗೆ ಜೋತುಬಿದ್ದರು. ಎಲ್ಲರೂ ನಗುತ್ತಿದ್ದರು.

"ಛೋಡೋ! ಅಪ್ಪಾ, ಬಿಡಿ! ರೇಸ್ ಬಾಕಿ ಹೈ!" ಎಂದು ಅಣ್ಣ ಹೆಲ್ಮೆಟ್ಟಿನೊಳಗಿಂದ ಅರಚಿದ. ಎಂಜಿನ್ ಸದ್ದಿನಲ್ಲಿ ಅಪ್ಪನಿಗೆ ಏನೂ ಕೇಳಿಸಲಿಲ್ಲ. ಅಣ್ಣ ಕಾಲಿನಿಂದ ಒದ್ದ. ಮುಷ್ಟಿಯಿಂದ ಅಪ್ಪನ ಎದೆಗೆ ಗುದ್ದಿದ. ಬಿದ್ದೆದ್ದು ಬಂದ ಕೆಂಪು ಜೆರ್ಸಿಯವನು ಇವರ ಮೇಲೆಲ್ಲ ಕೆಸರು ಎರಚಿ ಮುಂದೆ ಹೋದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅಣ್ಣ ಹೆಲ್ಮೆಟ್ ಹಾಕಿದ ತಲೆಯನ್ನೇ ಅಪ್ಪನ ಮುಖಕ್ಕೆ ಅಪ್ಪಳಿಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತೋ, ಕೇಳಿಸಿತೆಂದು ಆಮೇಲೆ ಅನ್ನಿಸಿತೋ ಗೊತ್ತಿಲ್ಲ. ಬಾಯಿ ತುಂಬ ರಕ್ತವಿಟ್ಟುಕೊಂಡೂ ಅಪ್ಪ ಹಿಡಿತ ಬಿಡಲಿಲ್ಲ. ಗೆದ್ದ ಕೋಣ ಕೊಡವುವುದೇ ಹಾಗೆ ಎಂದುಕೊಂಡು ಇನ್ನೂ ಬಿಗಿ ಹಿಡಿದರು.

ನಾನು ಓಡಿಹೋಗಿ ಅಪ್ಪನ ಬೆರಳುಗಳನ್ನು ಬಿಡಿಸಲು ನೋಡಿದೆ. ಬರಲಿಲ್ಲ. ಕೊನೆಗೆ ಮಣಿಕಟ್ಟು ಕಚ್ಚಿದೆ.

"ಇನ್ನೂ ಒಂದು ಸುತ್ತು ಉಂಟು ಅಪ್ಪಾ!" ಎಂದು ಅವರ ಕಿವಿಗೇ ಕೂಗಿದೆ.

ಆಗ ಬಿಟ್ಟರು. ಅವರ ಮುಖದಿಂದ ನಗು ಹೋಯಿತು. ಅಣ್ಣ ಹೊರಟ. ಅವನು ಸುತ್ತು ಮುಗಿಸಿ ಬರುವಾಗ ಕೆಂಪು ಜೆರ್ಸಿಯವನ ಕೊರಳಿಗೆ ಹಾರ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಬಿಳಿ ಶರ್ಟು ತೊಟ್ಟು ಗಲ್ಲಾದಲ್ಲಿ ಕೂತ. ಅಪ್ಪ ಊದಿದ ತುಟಿಯಲ್ಲಿ ಅವನ ಮುಂದೆ ಬಂದು ನಿಂತರು.

"ಏಳು ಮಾರಾಯ. ಅಲ್ಲಿ ನಾನು ಕೂತುಕೊಳ್ತೇನೆ. ನೀನು ಬೈಕು ಓಡ್ಸು."

"ಸೋತದ್ದು ಸೋತ ಹಾಗೆ ಅಪ್ಪ."

"ನೀನು ಸೋತದ್ದಲ್ಲ. ಏಳು," ಎಂದು ಅಪ್ಪ ಅವನನ್ನು ಎಬ್ಬಿಸಲು ತೋಳು ಹಿಡಿದರು.

ಅಣ್ಣ ಆ ಕೈಯನ್ನು ನೋಡಿದ. "ಹಿಡೀಬೇಡಿ," ಎಂದ.

ಅಪ್ಪ ಕೈ ತೆಗೆದರು. ಅಷ್ಟರಲ್ಲಿ ಮೊದಲ ಗಿರಾಕಿ ಬಿಲ್ ಹಿಡಿದು ಬಂದ. ಅಣ್ಣ ಚಿಲ್ಲರೆ ಎಣಿಸಿಕೊಟ್ಟ.