ಇಟಲಿಯಿಂದ ಬಂದ ಮೇಲೆ

ಕುವೈತ್‌ನಲ್ಲಿ ನಮ್ಮನ್ನು ಬಲ್ಲವರೆಲ್ಲ ನನ್ನ ಗಂಡ ಬಹಳ ಒಳ್ಳೆಯವರು ಎನ್ನುತ್ತಾರೆ. ಹೆಂಡತಿಯ ಆಸೆ ಅಂತ ಇಟಲಿಗೆ ಕರೆದುಕೊಂಡು ಹೋದರಲ್ಲ, ಎಷ್ಟು ಜನ ಹಾಗೆ ಮಾಡುತ್ತಾರೆ ಎಂದು ಕೇಳುತ್ತಾರೆ. ಕರೆದುಕೊಂಡು ಹೋದದ್ದು ನಿಜ. ಆಸೆ ನನ್ನದು ಎನ್ನುವುದೂ ನಿಜ.

ಅಬ್ಬಾಸಿಯಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಟ್ಟ ಸಿಡಿದು, ಬೂದಿ ಸುರಿದು ಇಟಲಿಯ ಪೊಂಪೆ ಎಂಬ ಊರು ಹೂತುಹೋದ ಕತೆಯನ್ನು ಪ್ರತಿ ವರ್ಷವೂ ಹೇಳುತ್ತಿದ್ದೆ. ಪ್ರತಿ ವರ್ಷವೂ ಯಾವುದಾದರೂ ಮಗು ಕೈಯೆತ್ತಿ, "ಮಿಸ್, ಹ್ಯಾವ್ ಯೂ ಸೀನ್ ಇಟ್?" ಎಂದು ಕೇಳುತ್ತಿತ್ತು. ಇಲ್ಲ ಎನ್ನುತ್ತಿದ್ದೆ. ನನ್ನ ಗಂಡ ಇಲ್ಲಿನ ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಎಸಿ ಕಂಪನಿಯೊಂದರ ಎಂಜಿನಿಯರ್. ರಜೆ ಎಂದರೆ ಅವರಿಗೆ ಹುಬ್ಬಳ್ಳಿ, ಅಷ್ಟೇ. ನಾನು ಇಟಲಿಯ ಮಾತೆತ್ತಿದರೆ, "ಬಿದ್ದ ಕಂಬ ನೋಡ್ಲಿಕ್ಕೆ ಅಲ್ಲೀತನಕ ಯಾಕ? ನಮ್ಮ ಹಂಪಿ ಇಲ್ಲೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅಂಥವರು ಆ ಬೇಸಿಗೆಯ ಒಂದು ಸಂಜೆ ಚಹಾದ ಕಪ್ಪು ಕೆಳಗಿಟ್ಟು, "ಈ ಸಲ ಇಟಲಿಗೆ ಹೋಗೂಣು" ಎಂದರು. ನಾನು ನಂಬಲಿಲ್ಲ. ಮರುದಿನ ವೀಸಾಕ್ಕೆ ಫೋಟೋ ತೆಗೆಸಲು ಅವರೇ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದಾಗ ನಂಬಿದೆ.

ಆಗಸ್ಟ್‌ನಲ್ಲಿ ಹೊರಟೆವು. ನೇಪಲ್ಸ್‌ನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಸಲೆರ್ನೋ ಎಂಬ ಕಡಲ ದಂಡೆಯ ಊರಿಗೆ. ಬಿಸಿಲಿದೆ, ಮಧ್ಯಾಹ್ನ ಹೊರಗೆ ತಿರುಗಬೇಡಿ ಎಂದು ಹೋಟೆಲಿನವಳು ಎಚ್ಚರಿಸಿದಾಗ ನಾವಿಬ್ಬರೂ ನಕ್ಕುಬಿಟ್ಟೆವು. ಕುವೈತ್‌ನ ಆಗಸ್ಟ್ ಉಂಡವರಿಗೆ ಅದು ಬಿಸಿಲೇ ಅಲ್ಲ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ತುಂಬಿಕೊಂಡು ಹೋಗಿದ್ದೆ, ಅವರಿಗಾಗಿ. ಮನೆಯ ಊಟ ಬಿಟ್ಟು ಬೇರೇನೂ ಇಳಿಯದ ಮನುಷ್ಯ. ಚೀಲ ಬಿಚ್ಚಲೇ ಇಲ್ಲ. ಬಂದರಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ನಡೆಸುವ ಚಿಕ್ಕ ಖಾನಾವಳಿ ಇತ್ತು. ಮೀನು ಬೇಡ, ಮಾಂಸ ಬೇಡ ಎಂದು ಇವರು ಕೈ ಬಾಯಿ ತಿರುಗಿಸಿ ತಿಳಿಸಿದರು. ಅಜ್ಜಿ ಬದನೆಕಾಯಿ, ಟೊಮ್ಯಾಟೊ ಹಾಕಿದ ಪಾಸ್ತಾ ತಂದಿಟ್ಟಳು. "ನಿನ್ನ ಎಣ್ಣಗಾಯಿ ಮುಂದ ಇದೇನಲ್ಲ" ಎಂದರು. ಆದರೂ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಒರೆಸಿ ತಿಂದರು.

ಪೊಂಪೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತಿರುಗಿದೆವು. ಬೀದಿಯ ಹಾಸುಗಲ್ಲಿನಲ್ಲಿ ಗಾಡಿಯ ಗಾಲಿ ಕೊರೆದ ಗೆರೆಗಳಿದ್ದವು. ಅಡುಗೆ ಮಾರುತ್ತಿದ್ದ ಅಂಗಡಿಗಳ ಕಟ್ಟೆಯಲ್ಲಿ ಗಡಿಗೆ ಇಡಲು ಮಾಡಿದ ದುಂಡನೆಯ ಕುಳಿಗಳು ಹಾಗೇ ಇದ್ದವು. ನಾನು ಪಾಠ ಹೇಳುವ ಹುಕ್ಕಿಯಲ್ಲಿ ಒಂದೇ ಸಮ ಮಾತಾಡಿದೆ. ಅವರು ಕೇಳಿದರು. ಮದುವೆಯಾದಾಗಿನಿಂದ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಿದ್ದವರು ಅಂದು ಪ್ರಶ್ನೆ ಕೇಳಿದರು, ನೀರಿನ ಬಾಟಲಿ ಹಿಡಿದು ಹಿಂದೆ ಹಿಂದೆ ಬಂದರು, ನಾನು ನಿಂತಲ್ಲೆಲ್ಲ ಫೋಟೋ ತೆಗೆದರು. ಈ ವಯಸ್ಸಿನಲ್ಲಿ ಇವರಿಗೆ ನಾನು ಕಾಣತೊಡಗಿದೆನಲ್ಲ ಎಂದುಕೊಂಡೆ. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ.

ಮತ್ತೊಂದು ದಿನ ಪೇಸ್ಟಮ್‌ಗೆ ಹೋದೆವು. ಹುಲ್ಲಿನ ಬಯಲಲ್ಲಿ ಜೇನುಬಣ್ಣದ ಕಲ್ಲಿನ ಗ್ರೀಕ್ ಗುಡಿಗಳು, ಒಳಗೆ ದೇವರಿಲ್ಲ, ಮೇಲೆ ಸೂರಿಲ್ಲ. ಆ ಸೀಮೆಯ ತುಂಬ ಎಮ್ಮೆ ಸಾಕುತ್ತಾರೆ. ಎಮ್ಮೆಯ ಹಾಲಿನ ಚೀಸ್ ಕೊಂಡೆವು. ಚಾಕು ಇಟ್ಟರೆ ಹಾಲು ಒಸರುತ್ತಿತ್ತು. ಪೈನ್ ಮರದ ನೆರಳಲ್ಲಿ ಕೂತು ಅದನ್ನು ತಿನ್ನುತ್ತ ನಾನು ಮುಂದಿನದ್ದೆಲ್ಲ ಹೇಳಿದೆ. ಈ ವರ್ಷ ಹತ್ತನೇ ಕ್ಲಾಸು ನನಗೇ ಕೊಟ್ಟಿದ್ದಾರೆ, ಹೋದ ಕೂಡಲೇ ಹಾಲ್‌ನ ಪರದೆ ಬದಲಿಸಬೇಕು, ಮುಂದಿನ ವರ್ಷ ಸಿಸಿಲಿ ನೋಡಬೇಕು.

"ನೋಡೂಣು" ಎಂದರು, ಗುಡಿಯ ಕಡೆ ಮುಖ ಮಾಡಿ.

"ಪರದೆ?"

"ನಿನ್ನ ಮನಸ್ಸಿಗೆ ಬಂದಂಗ ಮಾಡು."

ಆಗಾಗ ಫೋನ್ ಬರುತ್ತಿತ್ತು, ಅವರು ದೂರ ಹೋಗಿ ಮಾತಾಡುತ್ತಿದ್ದರು. ಆಫೀಸಿನದು ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ವಾಪಸು ಬಂದ ವಾರದಲ್ಲೇ, ಸ್ಕೂಲು ಇನ್ನೂ ಶುರುವಾಗಿರಲಿಲ್ಲ, ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮಹಡಿಯ ಬ್ಯಾರಿ ಹೆಂಗಸು, ಗಂಡನದು ಇಲ್ಲೇ ಕಿರಾಣಿ ಅಂಗಡಿ. ಒಳ್ಳೆಯವಳು, ಹಬ್ಬಕ್ಕೆ ಪಾಯಸ ಕಳಿಸುವವಳು. ನಾನು ಉತ್ಸಾಹದಿಂದ ಕೂರಿಸಿ, ಸಲೆರ್ನೋ ಹತ್ತಿರದ ಅಮಾಲ್ಫಿಯಿಂದ ತಂದ ನಿಂಬೆಯ ಮಿಠಾಯಿ ಮುಂದಿಟ್ಟೆ.

"ಅಕ್ಕ, ವಾಷಿಂಗ್ ಮಷೀನ್ ಒಮ್ಮೆ ನೋಡಿ ಹೋಗುವ ಅಂತ ಬಂದೆ. ನಮ್ಮ ಬಚ್ಚಲಲ್ಲಿ ಹಿಡಿಸುತ್ತದಾ ಅಂತ" ಎಂದಳು.

"ಯಾವ ಮಷೀನು?"

"ನಿಮ್ಮದೇ. ಅಣ್ಣ ನಮಗೆ ಅಂತ ಹೇಳಿಟ್ಟಿದ್ದಾರಲ್ಲ, ನೀವು ಇಟಲಿಗೆ ಹೋಗುವ ಮೊದಲೇ." ನನ್ನ ಮುಖ ನೋಡಿ ಅವಳು ಮಿಠಾಯಿಯನ್ನು ಕೈಯಲ್ಲೇ ಹಿಡಿದು ಕೂತಳು. "ನಿಮಗೆ ಗೊತ್ತಿಲ್ವಾ ಅಕ್ಕ? ಊರಿಗೆ ಹೋಗ್ತೀರಂತಲ್ಲ, ಖಾಯಂ ಆಗಿ?"

ನಾನು ಗೊತ್ತಿದೆ ಎಂದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಮಷೀನು ತೋರಿಸಿದೆ. ಅವಳು ಅವಸರದಲ್ಲಿ ಗೇಣು ಹಾಕಿ ಅಳೆದು ಇಳಿದು ಹೋದಳು.

ಅವರು ಮಧ್ಯಾಹ್ನ ಊಟಕ್ಕೆ ಬಂದಾಗ ಕೇಳಿದೆ. ಷೂ ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

"ಕಂಪನಿಯವರು ನೋಟಿಸ್ ಕೊಟ್ಟಾರ. ಅಕ್ಟೋಬರಿಗೆ ಖಲಾಸ್."

"ಯಾವಾಗ ಕೊಟ್ರು?"

"ಜುಲೈದಾಗ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದರ ನೀ ಇಟಲಿಗೆ ಬರ್ತಿದ್ದೇನು? ಅಳಕೋತ ಕೂಡ್ತಿದ್ದಿ. ಇಷ್ಟು ವರ್ಷ ಆಸೆಪಟ್ಟಿದ್ದಿ, ಒಂದು ಸಲ ಖುಷಿಯಿಂದ ನೋಡಿಕೊಂಡು ಬರ್ಲಿ ಅಂದೆ. ಅದರಾಗ ಏನ್ ತಪ್ಪದ?"

ನೌಕರಿ ಯಾರದ್ದಾದರೂ ಹೋಗುತ್ತದೆ, ಇಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ. ಪೇಸ್ಟಮ್‌ನ ಆ ಮರದ ಕೆಳಗೆ ನಾನು ಪರದೆಯ ಬಣ್ಣದ ಬಗ್ಗೆ ಮಾತಾಡುವಾಗ ಇವರು ಮಗುವಿಗೆ ತಲೆಯಾಡಿಸಿದ ಹಾಗೆ ತಲೆಯಾಡಿಸಿದ್ದರು. ಅದು ಮಾತ್ರ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಪುಣೆಯಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಸುದ್ದಿ ಹೇಳಿದೆ. ಅವಳು ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದಳು.

"ನಿನಗೂ ಗೊತ್ತಿತ್ತೇನು?"

"ಅಮ್ಮಾ, ಅಪ್ಪ ಟೋಲ್ಡ್ ಮಿ ನಾಟ್ ಟು ಸೇ. ಹಿ ವಾಸ್ ಬೀಯಿಂಗ್ ಸ್ವೀಟ್!"

ಫೋನ್ ಇಟ್ಟುಬಿಟ್ಟೆ.

ಸ್ಕೂಲು ಶುರುವಾದ ದಿನ ಪ್ರಿನ್ಸಿಪಾಲರ ಬಳಿ ಹೋದೆ. ನನ್ನ ಇಕಾಮಾ, ಎಂದರೆ ಇಲ್ಲಿರುವ ಪರವಾನಗಿ, ಗಂಡನ ಹೆಸರಿನ ಮೇಲೆ ನಿಂತಿತ್ತು. ಸ್ಕೂಲು ಅದನ್ನು ತನ್ನ ಮೇಲೆ ತೆಗೆದುಕೊಂಡರೆ ನಾನು ಉಳಿಯಬಹುದಿತ್ತು. ಆಕೆ ಕೇರಳದವರು, ಮಾತು ಮೆಲ್ಲಗೆ. ನಾನು ಬಾಯಿ ತೆರೆಯುವ ಮೊದಲೇ, ನೀವು ಹೋಗುತ್ತಿರುವುದು ನಮಗೆ ದೊಡ್ಡ ನಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಯಜಮಾನರು ಜುಲೈನಲ್ಲೇ ಬಂದು ತಿಳಿಸಿದ್ದರಂತೆ. ಹತ್ತನೇ ಕ್ಲಾಸಿಗೆ ಬೇರೆಯವರನ್ನು ತೆಗೆದುಕೊಂಡಾಗಿತ್ತು.

"ನೀವು ನನ್ನನ್ನೊಮ್ಮೆ ಕೇಳಬಹುದಿತ್ತಲ್ಲ ಮೇಡಂ" ಎಂದೆ.

"ನಿಮಗೆ ಗೊತ್ತಿಲ್ಲ ಅಂತ ನಾನು ಹೇಗೆ ಅಂದುಕೊಳ್ಳಲಿ?" ಎಂದರು. ಅವರದೇನೂ ತಪ್ಪಿಲ್ಲ.

ಮೂರನೇ ಕ್ಲಾಸಿನಲ್ಲಿ ಜಾಗ ಇತ್ತು. ಸಂಬಳವೂ ಕಡಿಮೆ, ಪಾಠವೂ ನನ್ನದಲ್ಲ. ಅದೇ ಸಾಕು, ಇಕಾಮಾ ಮಾಡಿಸಿಕೊಡಿ ಎಂದೆ. ಅಂದು ಮನೆಯಲ್ಲಿ ನಾನು ಊರಿಗೆ ಬರುವುದಿಲ್ಲ ಎಂದಾಗ ಗಂಡ ಮೊದಲು ನಕ್ಕರು, ಆಮೇಲೆ ಕೂಗಾಡಿದರು, ಕೊನೆಗೆ, "ನಾ ಒಬ್ಬನೇ ಹುಬ್ಬಳ್ಳಿಯೊಳಗ ಏನ್ ಮಾಡ್ಲಿ?" ಎಂದರು. ಅಂಥ ಪ್ರಶ್ನೆಯನ್ನು ಜುಲೈನಲ್ಲಿ ಕೇಳಿದ್ದರೆ ಇಬ್ಬರೂ ಕೂತು ಯೋಚಿಸುತ್ತಿದ್ದೆವು. ಬಹುಶಃ ನಾನೂ ಹೊರಡುತ್ತಿದ್ದೆ.

ಬೀಳ್ಕೊಡುಗೆಗೆ ನಮ್ಮ ಕಡೆಯವರು ಒಂದು ಹೋಟೆಲಿನ ಹಾಲ್‌ನಲ್ಲಿ ಸೇರಿದರು. ಶಾಲು ಹೊದಿಸಿದರು, ಮೈಕು ಕೊಟ್ಟರು. ಇವರು ಇಟಲಿಯ ಕತೆ ಹೇಳಿದರು. ಪೊಂಪೆಯ ಗಾಲಿಯ ಗೆರೆಗಳನ್ನು, ಅಂಗಡಿಯ ಕುಳಿಗಳನ್ನು ನಾನು ವಿವರಿಸಿದ್ದ ಮಾತುಗಳಲ್ಲೇ ಬಣ್ಣಿಸಿದರು. "ನೌಕರಿ ಹೋಗೂದು ಗೊತ್ತಿದ್ರೂ ಈಕಿ ಕನಸು ಮುರಿಬಾರದು ಅಂತ ಹೊಟ್ಟ್ಯಾಗ ಇಟ್ಟುಕೊಂಡು ತಿರುಗಿದೆ" ಎಂದಾಗ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದೆ. ಯಾರೋ ನನ್ನನ್ನೂ ಎರಡು ಮಾತಾಡಿ ಎಂದರು. ಗಂಟಲು ಸರಿಯಿಲ್ಲ ಎಂದೆ.

ಏರ್‌ಪೋರ್ಟಿಗೆ ಬಿಡಲು ಹೋದೆ. ಬ್ಯಾಗು ತೂಕಕ್ಕೆ ಹಾಕಿ ಬಂದು ಅವರು, "ಸಿಟ್ಟು ಇನ್ನೂ ಇಳಿದಿಲ್ಲೇನು?" ಎಂದು ಕೇಳಿದರು.

"ಇಟಲಿಯೊಳಗ ನಾ ಬಹಳ ಸುಖವಾಗಿದ್ದೆ ರೀ" ಎಂದೆ.

"ಮತ್ತ? ಅದಕ್ಕ ತಾನೆ ಕರಕೊಂಡು ಹೋಗಿದ್ದು" ಎಂದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಪಾಸ್‌ಪೋರ್ಟು ಕೈಯಲ್ಲಿ ಹಿಡಿದು ಒಳಗೆ ಹೋದರು.

ಈಗ ಇಬ್ಬರು ನರ್ಸುಗಳ ಜೊತೆ ಅಬ್ಬಾಸಿಯಾದಲ್ಲೇ ಒಂದು ಫ್ಲ್ಯಾಟಿನಲ್ಲಿದ್ದೇನೆ. ಶುಕ್ರವಾರ ಗಂಡನ ಫೋನ್ ಬರುತ್ತದೆ. ಬಿಪಿ ಮಾತ್ರೆ, ಮನೆಗೆಲಸದವಳು, ಮಗಳ ಪರೀಕ್ಷೆ, ಅಷ್ಟೇ ಮಾತು. ಕಳೆದ ವಾರ, "ರಜಾದಾಗ ಬಾ, ಇಬ್ಬರೂ ಎಲ್ಲಿಗರೆ ಹೋಗಿ ಬರೂಣು" ಎಂದರು. ಮತ್ತೇನು ಮುಚ್ಚಿಟ್ಟಿದ್ದೀರಿ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು, ಫೋನ್ ಕಟ್ ಮಾಡಿದರು. ನಾನು ಎದ್ದು ಮೂರನೇ ಕ್ಲಾಸಿನ ನೋಟ್ಸ್ ತಿದ್ದಲು ಕೂತೆ.